ಎರಡು ಹುಂಡುಕೋಳಿಯ ಕೇಸು

ಕಳೆದ ಚಳಿಗಾಲದಲ್ಲಿ ನಮ್ಮ ಕೇರಿಯ ಹುಡುಗನೊಬ್ಬನನ್ನು ಹಿಡಿದುಕೊಂಡು ಹೋದರು. ಹತ್ತೊಂಬತ್ತು ವರ್ಷದ ಹುಡುಗ. ಪಿಯುಸಿ ಫೇಲಾಗಿ ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊರುತ್ತಾನೆ. ಕಾವೇರಿ ದಂಡೆಯ ಜೊಂಡಿನಲ್ಲಿ ಉರುಲು ಹಾಕಿ ಎರಡು ಹುಂಡುಕೋಳಿ ಹಿಡಿದು ಗೊಬ್ಬರದ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದ. ಹುಂಡುಕೋಳಿ ಅಂದರೆ ಹೊಳೆಯ ಬದಿಯವರಿಗೆಲ್ಲ ಗೊತ್ತು. ಎದೆ ಬೆಳ್ಳಗೆ, ಬಾಲದ ಬುಡ ಕೆಂಪಗೆ, ಮುಂಗಾರು ಹಿಡಿದರೆ ರಾತ್ರಿಯೆಲ್ಲ ಕ್ವಕ್ ಕ್ವಕ್ ಅಂತ ಕೂಗಿ ನಿದ್ದೆ ಕೆಡಿಸುವ ಹಕ್ಕಿ. ಅಪರೂಪದ್ದೇನಲ್ಲ. ಹಿತ್ತಲಿನ ಬಚ್ಚಲು ನೀರಿಗೂ ಬರುತ್ತದೆ. ಚೀಲ ಬಿಚ್ಚಿಸಿದಾಗ ಎರಡೂ ಜೀವಂತವಾಗಿದ್ದವು. ಫೋಟೋ ತೆಗೆಯುವಾಗ ಒಂದು ಹಾರಿಹೋಯಿತಂತೆ. ಹಾರಿಹೋದದ್ದೂ ಕೇಸಿನಲ್ಲಿ ಸೇರಿದೆ.

ಆ ಫೋಟೋ ಮಾರನೆಯ ದಿನ ಎಲ್ಲರ ಮೊಬೈಲಿನಲ್ಲಿತ್ತು. ಹುಡುಗ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ, ಹಿಂದೆ ನಾಲ್ಕು ಜನ ಸಮವಸ್ತ್ರದವರು ನಿಂತಿದ್ದಾರೆ, ಮುಂದೆ ಹುಂಡುಕೋಳಿ. ನಾವು ಹಳೆಯ ಪುಸ್ತಕಗಳಲ್ಲಿ ದೊರೆಗಳ ಶಿಕಾರಿ ಪಟಗಳನ್ನು ನೋಡಿದ್ದೇವೆ. ಜೋಡಣೆ ಅದೇ. ಹುಲಿಯ ಜಾಗದಲ್ಲಿ ನಮ್ಮ ಹುಡುಗ.

ಅದೇ ರಾತ್ರಿ, ಅದೇ ದಂಡೆಯಿಂದ, ಮರಳಿನ ಟಿಪ್ಪರುಗಳು ಹೋದವು. ನಾವು ಎಣಿಸಿದ್ದು ಹದಿನಾಲ್ಕು. ಎಣಿಸುವುದಕ್ಕೆ ಕಷ್ಟವೇನೂ ಇಲ್ಲ, ಅವು ಕೇರಿಯ ಮುಂದೆಯೇ ಹೋಗಬೇಕು, ಗೋಡೆ ಅದುರುತ್ತದೆ. ಅವುಗಳ ಮುಂದೆ ಯಾರೂ ಕುಕ್ಕರುಗಾಲಿನಲ್ಲಿ ಕೂರಲಿಲ್ಲ.

ನಾವು ಈ ಬರಹವನ್ನು ಆ ಹುಡುಗ ಮುಗ್ಧ ಅಂತ ಸಾಧಿಸುವುದಕ್ಕೆ ಬರೆಯುತ್ತಿಲ್ಲ. ಹಿಡಿದದ್ದು ನಿಜ. ತಿನ್ನುವುದಕ್ಕೇ ಹಿಡಿದದ್ದೂ ನಿಜ. ನಮ್ಮಪ್ಪಂದಿರೂ ಹಿಡಿದಿದ್ದಾರೆ, ನಾವೂ ತಿಂದಿದ್ದೇವೆ, ಉಪ್ಪು ಖಾರ ಹಾಕಿ ಬೇಯಿಸಿದರೆ ನಾಟಿ ಕೋಳಿಗಿಂತ ತುಸು ಗಟ್ಟಿ, ಸ್ವಲ್ಪ ಕೆಸರಿನ ವಾಸನೆ. ಇದನ್ನು ಮುಚ್ಚಿಟ್ಟು ಬರೆಯುವ ಸಾಹಿತ್ಯ ನಮಗೆ ಬೇಡ. ನಾವು ಕೇಳುತ್ತಿರುವುದು ಬೇರೆ. ನೀರುಹಕ್ಕಿಯ ಬೇಟೆಗೆ ಈ ದೇಶದಲ್ಲಿ ನಿಯಮ ಮಾಡುತ್ತಾ ಬಂದವರು ಯಾರು, ಯಾರಿಗಾಗಿ ಮಾಡಿದರು, ಆ ನಿಯಮದಿಂದ ಹೊಳೆಯ ಹಕ್ಕಿ ಉಳಿಯಿತೇ? ಶಾಲೆಯಲ್ಲಿ ಪರಿಸರ ದಿನಾಚರಣೆ ಮಾಡಿಸುವ ಮೇಷ್ಟ್ರುಗಳೂ ಇದನ್ನು ಒಂದು ಸಲ ಯೋಚಿಸಲಿ ಅಂತ.

ಹಿಂದಕ್ಕೆ ಹೋಗೋಣ. 1878ರಲ್ಲಿ ಆಯುಧಗಳ ಕಾಯ್ದೆ ಬಂತು. ಇಂಡಿಯಾದವನು ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಯುರೋಪಿನವನಿಗೆ ವಿನಾಯಿತಿ. ಅಂದರೆ ನೀರುಹಕ್ಕಿ ಹೊಡೆಯುವ ಕೋವಿ ಯಾರ ಕೈಯಲ್ಲಿರಬೇಕು ಅನ್ನುವುದು ಅಲ್ಲಿಗೇ ತೀರ್ಮಾನವಾಯಿತು. ಆಮೇಲೆ 1887ರಲ್ಲಿ ಕಾಡುಹಕ್ಕಿಗಳ ರಕ್ಷಣೆಯ ಕಾಯ್ದೆ. ಅದು ಏನು ಹೇಳುತ್ತಿತ್ತು ನೋಡಿ: ಮುನಿಸಿಪಾಲಿಟಿ, ಕಂಟೋನ್ಮೆಂಟುಗಳ ಎಲ್ಲೆಯೊಳಗೆ, ಮರಿಮಾಡುವ ಕಾಲದಲ್ಲಿ, ಹೊಸದಾಗಿ ಕೊಂದ ಹಕ್ಕಿಯನ್ನು ಇಟ್ಟುಕೊಳ್ಳುವುದೂ ಮಾರುವುದೂ ತಪ್ಪು. ಬುಟ್ಟಿಯಲ್ಲಿ ಹಕ್ಕಿ ಹೊತ್ತು ಪೇಟೆಗೆ ಬರುವವನಿಗೆ ಹಾಕಿದ ಬೇಲಿ ಅದು. ಕಂಟೋನ್ಮೆಂಟಿನ ಆಚೆ ಗದ್ದೆಬಯಲಿನಲ್ಲಿ ದೊರೆ ಎಷ್ಟು ಹೊಡೆದ ಅಂತ ಆ ಕಾಯ್ದೆ ಕೇಳಲಿಲ್ಲ. ಗದ್ದೆಯ ಕೆಸರಿನಲ್ಲಿ ಅಡಗುವ ಸ್ನೈಪ್ ಎಂಬ ಪುಟ್ಟ ಹಕ್ಕಿಯನ್ನು ಹೊಡೆಯುವುದು ಇಂಡಿಯಾದಲ್ಲಿದ್ದ ಆಂಗ್ಲ ಅಧಿಕಾರಿಗಳಿಗೆ ಹದಿನೆಂಟನೆಯ ಶತಮಾನದಿಂದಲೇ ಮೋಜು. ಮರೆಯಲ್ಲಿ ಕೂತು ಮನುಷ್ಯರನ್ನು ಹೊಡೆಯುವವನಿಗೆ ಸ್ನೈಪರ್ ಎಂಬ ಹೆಸರು ಬಂದದ್ದು ಆ ಆಟದಿಂದ. ಹಕ್ಕಿಯ ಮೇಲೆ ಕಲಿತ ಗುರಿ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಆ ಪದವೇ ಸಾಕ್ಷಿ.

1901ರಲ್ಲಿ ಮೈಸೂರು ಸಂಸ್ಥಾನವೂ ಬೇಟೆಯ ಪ್ರಾಣಿ ಮತ್ತು ಮೀನುಗಳ ರಕ್ಷಣೆ ಅಂತ ಒಂದು ರೆಗ್ಯುಲೇಷನ್ ಮಾಡಿತು. 1912ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಇನ್ನೊಂದು ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಬಾತು, ಬಕ, ಬೆಳ್ಳಕ್ಕಿ, ಮಿಂಚುಳ್ಳಿ ಎಲ್ಲ ಇವೆ. ಮುಚ್ಚಿದ ಕಾಲ, ತೆರೆದ ಕಾಲ ಅಂತ ಮಾಡಿದರು. ಮರಿಮಾಡುವಾಗ ಹೊಡೆಯಬೇಡ, ಬೆಳೆದ ಮೇಲೆ ಹೊಡೆ. ಈ ಮಾತಿನಲ್ಲಿ ನಮಗೆ ತಕರಾರಿಲ್ಲ. ಹೊಳೆಯ ದಂಡೆಯ ಮುದುಕಿಯರೂ ಇದನ್ನೇ ಹೇಳುತ್ತಿದ್ದರು, ಮೊಟ್ಟೆ ಇರೋ ಗೂಡಿಗೆ ಕೈ ಹಾಕಿದರೆ ಮನೆಯಲ್ಲಿ ಬಸುರಿ ನಿಲ್ಲಲ್ಲ ಕಣ್ಲಾ ಅಂತ. ತಕರಾರು ಇರುವುದು ಹೊಡೆಯುವ ಹಕ್ಕು ಯಾರಿಗೆ ಉಳಿಯಿತು ಅನ್ನುವಲ್ಲಿ.

ಭರತಪುರದ ಕಥೆ ಕೇಳಿ. ರಾಜಸ್ಥಾನದಲ್ಲಿ ಗಂಭೀರ್, ಬಾಣಗಂಗಾ ಎಂಬ ಎರಡು ನದಿಗಳ ನೀರನ್ನು ತಿರುಗಿಸಿ ಅಲ್ಲಿಯ ರಾಜರು ಜೌಗು ಮಾಡಿಕೊಂಡಿದ್ದರು. ಬಾತುಕೋಳಿ ಬರಲಿ, ವೈಸರಾಯ್ ಬರಲಿ, ಹೊಡೆಯಲಿ ಅಂತ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಮತ್ತು ಅವನ ಬಳಗ ಒಂದೇ ದಿನದಲ್ಲಿ 4,273 ಹಕ್ಕಿ ಹೊಡೆದರು. ಇದನ್ನು ನಾವು ಊಹೆ ಮಾಡಿ ಹೇಳುತ್ತಿಲ್ಲ, ಅಲ್ಲಿ ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದ್ದಾರೆ. ಯಾವ ವರ್ಷ, ಯಾವ ದೊರೆ, ಎಷ್ಟು ಬಂದೂಕು, ಎಷ್ಟು ಹಕ್ಕಿ ಎಲ್ಲ ಸಾಲುಸಾಲಾಗಿ. ಯಾರಿಗೂ ಅಸಹ್ಯವಾಗಲಿಲ್ಲ, ಹೆಮ್ಮೆಯಿಂದ ಬರೆಸಿದರು. ಸತ್ತ ಹಕ್ಕಿಯನ್ನು ಕೆಸರಿನಲ್ಲಿ ಈಜಿ ಹೆಕ್ಕಿ ತಂದವರು ಯಾರು, ಹಕ್ಕಿ ಎಬ್ಬಿಸಲು ಎದೆಮಟ್ಟದ ನೀರಿನಲ್ಲಿ ಮುಂಜಾವದಿಂದ ನಿಂತವರು ಯಾರು ಅಂತ ಮಾತ್ರ ಕಲ್ಲಿನಲ್ಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಆ ಶಿಕಾರಿ ನಿಲ್ಲಲಿಲ್ಲ, ಅರವತ್ತರ ದಶಕದವರೆಗೂ ದೊಡ್ಡವರ ಕೋವಿ ಅಲ್ಲಿ ಸದ್ದು ಮಾಡಿತು.

ಆಮೇಲೆ ಕಾಲ ಬದಲಾಯಿತು. 1981ರಲ್ಲಿ ಆ ಜೌಗು ರಾಷ್ಟ್ರೀಯ ಉದ್ಯಾನವಾಯಿತು. 1982ರಲ್ಲಿ ಸುತ್ತಲಿನ ಹಳ್ಳಿಯವರ ಎಮ್ಮೆಗಳು ಒಳಗೆ ಬರಕೂಡದು ಅಂತ ಬೇಲಿ ಹಾಕಿದರು. ಜನ ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಹಳ್ಳಿಗರು ಸತ್ತರು. ಹಿಂದೆ ಹಕ್ಕಿಗೆ ಬಿದ್ದ ಗುಂಡು ಈಗ ಎಮ್ಮೆ ಕಾಯುವವನಿಗೆ ಬಿತ್ತು. ಎಮ್ಮೆ ಹೊರಗೆ ಹೋಗಲೇಬೇಕು ಅಂತ ಸಲಹೆ ಕೊಟ್ಟವರಲ್ಲಿ ಪಕ್ಷಿತಜ್ಞರೂ ಇದ್ದರು. ಎಂಬತ್ತರ ದಶಕದುದ್ದಕ್ಕೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ಅಧ್ಯಯನ ಮಾಡಿದರು. ಕೊನೆಗೆ ತಿಳಿದದ್ದೇನು? ಎಮ್ಮೆ ಮೇಯದೆ ಜೌಗಿನ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ಬಾತುಗಳಿಗೆ ಇಳಿಯಲು ಬಯಲು ನೀರಿಲ್ಲ, ಎಮ್ಮೆ ಇದ್ದದ್ದೇ ಹಕ್ಕಿಗೆ ಒಳ್ಳೆಯದಿತ್ತು. ಈ ಮಾತನ್ನು ಅಲ್ಲಿನ ಎಮ್ಮೆ ಕಾಯುವ ಮುದುಕನನ್ನು ಕೇಳಿದ್ದರೆ ಬೀಡಿ ಸೇದುವಷ್ಟರಲ್ಲಿ ಹೇಳುತ್ತಿದ್ದ. ಕೇಳಲಿಲ್ಲ. ಕೇಳುವ ಅಭ್ಯಾಸವೇ ಇಲ್ಲ. ಸತ್ತವರು ವಾಪಸು ಬರಲಿಲ್ಲ. ಮುಂದೆ ಗಂಭೀರ್ ನದಿಗೆ ಮೇಲುಗಡೆ ಪಾಂಚನಾ ಅಣೆಕಟ್ಟು ಕಟ್ಟಿ ನೀರು ಹಿಡಿದಾಗ ಆ ಲೋಕಪ್ರಸಿದ್ಧ ಉದ್ಯಾನವೇ ಒಣಗಿ ಬಿರುಕು ಬಿಟ್ಟಿತು. ಹಕ್ಕಿಗೆ ಬೇಕಾದದ್ದು ನೀರು, ಕೊಟ್ಟದ್ದು ಬೇಲಿ.

ನಮ್ಮ ಕಡೆಗೆ ಬರೋಣ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದಾಗ ನಿಂತ ನೀರಿನಲ್ಲಿ ಎದ್ದುಕೊಂಡ ತಿಟ್ಟುಗಳು ಅವು. ಒಡ್ಡಿಗೆ ಕಲ್ಲು ಹೊತ್ತವರು ಯಾರು ಅಂತ ಇಲ್ಲೂ ಶಾಸನವಿಲ್ಲ, ಇರಲಿ. ಸಲೀಂ ಅಲಿ ಮೈಸೂರು ಸೀಮೆಯ ಹಕ್ಕಿಗಳನ್ನು ಗುರುತು ಹಾಕಿಕೊಳ್ಳುತ್ತಾ ಬಂದಾಗ ಅಲ್ಲಿಯ ಗೂಡುಗಳನ್ನು ನೋಡಿ ಸಂಸ್ಥಾನಕ್ಕೆ ಹೇಳಿದರು, 1940ರಲ್ಲಿ ಪಕ್ಷಿಧಾಮವಾಯಿತು. ಒಳ್ಳೆಯ ಕೆಲಸ. ನಾವು ಸಲೀಂ ಅಲಿಯವರನ್ನು ಹಗುರವಾಗಿ ಆಡುವವರಲ್ಲ. ಆದರೆ ಅವರ ಬದುಕಿನ ಒಂದು ಘಟನೆ ಹೇಳದೆ ಇರಲಾರೆವು. ಅವರು ಹುಡುಗರಾಗಿದ್ದಾಗ ಏರ್‌ಗನ್ನಿನಿಂದ ಗುಬ್ಬಿ ಹೊಡೆಯುತ್ತಿದ್ದರು. ಒಂದು ಸಲ ಗಂಟಲು ಹಳದಿಯಿದ್ದ ಗುಬ್ಬಿ ಬಿತ್ತು. ಅದೇನು ಹಕ್ಕಿ ಅಂತ ತಿಳಿಯಲು ಮಾವನವರು ಬಾಂಬೆಯ ಸೊಸೈಟಿಗೆ ಚೀಟಿ ಕೊಟ್ಟು ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಆಂಗ್ಲರು ಹುಡುಗನನ್ನು ಕೂರಿಸಿಕೊಂಡು ಸಾಲುಸಾಲು ಹಕ್ಕಿ ತೋರಿಸಿದರು, ಪುಸ್ತಕ ಕೊಟ್ಟರು. ದೇಶಕ್ಕೊಬ್ಬ ಪಕ್ಷಿವಿಜ್ಞಾನಿ ಸಿಕ್ಕಿದ. ನಮ್ಮ ಹುಡುಗನಿಗೂ ಹಕ್ಕಿ ಗೊತ್ತು. ಹುಂಡುಕೋಳಿ ಯಾವ ಜೊಂಡಿನಲ್ಲಿ ಗೂಡು ಮಾಡುತ್ತದೆ, ನಾಮದಕೋಳಿ ಯಾವ ತಿಂಗಳು ಗುಂಪಾಗುತ್ತದೆ, ವರಟೆ ಬಾತು ಬೆಳಗಿನ ಜಾವ ಎತ್ತ ಕಡೆಯಿಂದ ಇಳಿಯುತ್ತದೆ ಅಂತ ಗೊತ್ತಿಲ್ಲದೆ ಉರುಲು ಹಾಕುವುದಕ್ಕೆ ಆಗುವುದಿಲ್ಲ. ಅವನನ್ನು ಯಾವ ಸೊಸೈಟಿಗೂ ಕಳಿಸಲಿಲ್ಲ. ಸ್ಟೇಷನ್ನಿಗೆ ಕಳಿಸಿದರು.

ಬಲೆಗಾರರ ತಿಳಿವಳಿಕೆ ವಿಜ್ಞಾನಕ್ಕೆ ಬೇಡವಾಗಿತ್ತೇ? ಬೇಕಾಗಿತ್ತು. 1959ರಿಂದ ಅದೇ ಸೊಸೈಟಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಅವು ಎಲ್ಲಿಂದ ಬರುತ್ತವೆ ಎಲ್ಲಿಗೆ ಹೋಗುತ್ತವೆ ಅಂತ ತಿಳಿಯುವ ದೊಡ್ಡ ಕೆಲಸ ಹಿಡಿಯಿತು. ಹಕ್ಕಿಗೆ ಒಂದು ಗರಿ ನೋಯದಂತೆ ಹಿಡಿದುಕೊಟ್ಟವರು ಬಿಹಾರದ ಮೀರ್‌ಶಿಕಾರ್ ಜನ, ತಲೆತಲಾಂತರದ ಹಕ್ಕಿ ಹಿಡಿಯುವವರು. ಅವರಲ್ಲಿ ಅಲಿ ಹುಸೇನ್ ಎಂಬಾತನ ಕೈಚಳಕ ಪಕ್ಷಿಶಾಸ್ತ್ರಜ್ಞರ ನಡುವೆ ದಂತಕಥೆ. ಪೇಪರು ಬರೆದವರ ಹೆಸರು ಮೊದಲು, ಹಿಡಿದವನದ್ದು ಕೊನೆಗೆ ಕೃತಜ್ಞತೆಯ ಸಾಲಿನಲ್ಲಿ. ಅದೂ ಪುಣ್ಯ ಅನ್ನಬೇಕು.

ನಮ್ಮ ನಾಡಿನ ಹಕ್ಕಿಪಿಕ್ಕಿಗಳಿಗೆ ಆ ಸಾಲೂ ಸಿಗಲಿಲ್ಲ. ಹೆಸರಿನಲ್ಲೇ ಹಕ್ಕಿ ಇರುವ ಜನ. ವಾಗ್ರಿ ಮಾತಾಡುತ್ತಾರೆ, ಗುಜರಾತಿಯ ನಂಟಿನ ಭಾಷೆ. ಹುಣಸೂರು ತಾಲ್ಲೂಕಿನಲ್ಲಿ ಅವರನ್ನು ನೆಲೆನಿಲ್ಲಿಸಿದ ಊರಿಗೆ ಪಕ್ಷಿರಾಜಪುರ ಅಂತ ಹೆಸರಿಟ್ಟರು. ಹಕ್ಕಿ ಹಿಡಿಯುವುದನ್ನು ಕಸಿದುಕೊಂಡ ಮೇಲೆ ಹೆಸರಿಗೆ ಪಕ್ಷಿರಾಜ! ಬೇಟೆ ಬಿಟ್ಟು ಅವರು ಏನು ಮಾಡಿದರು ಅಂತ ಸರ್ಕಾರ ತಲೆಕೆಡಿಸಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಹೂವು ಮಾರಿದರು, ಗಿಡಮೂಲಿಕೆ ಎಣ್ಣೆ ಮಾಡಿದರು, ಎಣ್ಣೆ ಹಿಡಿದು ಆಫ್ರಿಕಕ್ಕೆ ಹೋದರು. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕರ್ನಾಟಕದವರು ಹಕ್ಕಿಪಿಕ್ಕಿಗಳು ಅಂತ ಪತ್ರಿಕೆಯಲ್ಲಿ ಓದಿದಾಗಲೇ ಎಷ್ಟೋ ಸುಶಿಕ್ಷಿತರಿಗೆ ಅಂಥದೊಂದು ಜನ ಇದೆ ಅಂತ ಗೊತ್ತಾದದ್ದು. 1871ರ ಕಾಯ್ದೆ ಅಲೆಮಾರಿಗಳ ಎಷ್ಟೋ ಕುಲಗಳನ್ನು ಹುಟ್ಟುಕಳ್ಳರು ಅಂದಿತು. 1952ರಲ್ಲಿ ಅದು ರದ್ದಾಯಿತು. ರದ್ದಾದದ್ದು ಕಾಗದದ ಮೇಲೆ. ಚೀಲ ಹೊತ್ತು ಹೊಳೆದಂಡೆಯಲ್ಲಿ ನಡೆಯುವವನನ್ನು ನಿಲ್ಲಿಸಿ ಬಿಚ್ಚಿಸುವ ಕಣ್ಣು ಮಾತ್ರ ಹಾಗೇ ಇದೆ.

ಈಗ 1972ರ ವನ್ಯಜೀವಿ ಕಾಯ್ದೆ. ನಮ್ಮ ಹುಡುಗರು ಇದನ್ನು ಓದಿಲ್ಲ, ಓದಿಸಬೇಕು. ಅದು ಹುಟ್ಟಿದಾಗ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ದೊಡ್ಡ ಬೇಟೆಗೆ ಲೈಸೆನ್ಸ್, ಸಣ್ಣ ಬೇಟೆಗೆ ಲೈಸೆನ್ಸ್, ಹಿಡಿಯುವುದಕ್ಕೂ ಲೈಸೆನ್ಸ್ ಅಂತ ಇತ್ತು. ಅರ್ಜಿ, ಶುಲ್ಕ, ಕೋವಿ, ಜೀಪು, ಅಧಿಕಾರಿಯ ಪರಿಚಯ ಇದ್ದವನಿಗೆ ಬೇಟೆ ಇನ್ನೂ ಕಾನೂನಿನೊಳಗೇ ಇತ್ತು. ಕೇರಿಯವನು ಸಣ್ಣ ಬೇಟೆಯ ಲೈಸೆನ್ಸಿಗೆ ಅರ್ಜಿ ಹಾಕಿಕೊಂಡು ತಾಲ್ಲೂಕಾಫೀಸಿನ ಮುಂದೆ ನಿಂತಿರುವುದನ್ನು ಕಲ್ಪಿಸಿಕೊಳ್ಳಿ! 1991ರ ತಿದ್ದುಪಡಿಯಲ್ಲಿ ಆ ಲೈಸೆನ್ಸುಗಳೆಲ್ಲ ಹೋದವು, ಬೇಟೆ ಪೂರ್ತಿ ನಿಷಿದ್ಧವಾಯಿತು. ಒಂದೇ ಒಂದು ಕಡೆ ಬಾಗಿಲು ತೆರೆದಿಟ್ಟರು: ಕಾಯ್ದೆಯ 65ನೇ ಕಲಮಿನಲ್ಲಿ ನಿಕೋಬಾರ್ ದ್ವೀಪಗಳ ಬುಡಕಟ್ಟು ಜನರ ಬೇಟೆಯ ಹಕ್ಕಿಗೆ ಈ ಕಾಯ್ದೆ ಅಡ್ಡಬರುವುದಿಲ್ಲ ಅಂತ. ಅಂದರೆ ತಿಂದು ಬದುಕುವ ಬೇಟೆಗೂ ಮೋಜಿನ ಬೇಟೆಗೂ ವ್ಯತ್ಯಾಸ ಇದೆ ಅನ್ನುವುದು ದೆಹಲಿಯ ಕಾನೂನು ಬರೆಯುವವರಿಗೆ ಗೊತ್ತೇ ಇತ್ತು. ಸಮುದ್ರದ ಆಚೆ ಆ ವ್ಯತ್ಯಾಸ ಒಪ್ಪಿದರು, ಈಚೆಗೆ ಒಪ್ಪಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗಲೂ ಮೀನು, ನೀರಿನ ಉತ್ಪನ್ನ, ಹುಲ್ಲುಗಾವಲು ಎಲ್ಲದರ ಹಕ್ಕು ಕೊಟ್ಟು, ಬೇಟೆಯಾಡುವ, ಬಲೆಹಾಕುವ ಸಾಂಪ್ರದಾಯಿಕ ಹಕ್ಕನ್ನು ಬಿಡಿಸಿ ಹೊರಗಿಟ್ಟರು.

2022ರ ತಿದ್ದುಪಡಿಯಲ್ಲಿ ದಂಡ ಏರಿತು. ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಪಕ್ಷಿಧಾಮದ ಎಲ್ಲೆಯೊಳಗೆ ಬೇಟೆಯಾಡಿದ್ದಾದರೆ ಕನಿಷ್ಠವೇ ಮೂರು ವರ್ಷ. ಹೊಳೆಯಲ್ಲಿ ಎಲ್ಲೆ ಎಲ್ಲಿದೆ ಅಂತ ನೀರಿನ ಮೇಲೆ ಗೆರೆ ಎಳೆದವರು ಯಾರು? ನಮ್ಮ ಹುಡುಗ ಗೆರೆಯ ಈಚೆಗೆ ಇದ್ದನೋ ಆಚೆಗೆ ಇದ್ದನೋ ಅನ್ನುವುದರ ಮೇಲೆ ಅವನ ಯೌವನದ ಮೂರು ವರ್ಷ ನಿಂತಿದೆ. ಅದೇ ಕಾಯ್ದೆಯ 54ನೇ ಕಲಮಿನಲ್ಲಿ ಕೆಲವು ಅಪರಾಧಗಳನ್ನು ದುಡ್ಡು ಕಟ್ಟಿಸಿಕೊಂಡು ರಾಜಿ ಮಾಡಿ ಮುಗಿಸುವ ಅಧಿಕಾರವೂ ಇದೆ. ದುಡ್ಡು ಇದ್ದವನಿಗೆ ಕಲಮು 54, ಇಲ್ಲದವನಿಗೆ 51. ಅವನ ತಾಯಿ ಜಾಮೀನಿಗಾಗಿ ಕಿವಿಯ ಓಲೆ ಅಡವಿಟ್ಟಳು. ಎರಡು ಹುಂಡುಕೋಳಿಯ ಬೆಲೆ ಇಷ್ಟು ಅಂತ ಯಾವ ಸಂತೆಯಲ್ಲೂ ನಾವು ಕೇಳಿರಲಿಲ್ಲ.

ಹಾಗಾದರೆ ಇಷ್ಟು ಕಟ್ಟುನಿಟ್ಟಿನಿಂದ ಹೊಳೆಯ ಹಕ್ಕಿಗಳು ಸುಖವಾಗಿವೆಯೇ? ರಂಗನತಿಟ್ಟು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ಕರ್ನಾಟಕದ ಮೊದಲ ಹೆಸರು. ಸಂತೋಷ. ಆದರೆ ಮೇಲುಗಡೆ ಕನ್ನಂಬಾಡಿ ಕಟ್ಟೆ ತುಂಬಿ ಗೇಟು ಎತ್ತಿದಾಗ ತಿಟ್ಟುಗಳು ಮುಳುಗುತ್ತವೆ, ಗೂಡು ಮೊಟ್ಟೆ ಮರಿ ಎಲ್ಲ ತೇಲಿಹೋಗುತ್ತವೆ. ಕೊಚ್ಚಿಹೋದ ತಿಟ್ಟಿಗೆ ಮರಳಿನ ಮೂಟೆ ಪೇರಿಸಿ ಕಾಪಾಡಬೇಕಾಗಿ ಬಂದಿದೆ. ಇತ್ತ ಅದೇ ಹೊಳೆಯ ಮರಳನ್ನು ರಾತ್ರೋರಾತ್ರಿ ತುಂಬಿಕೊಂಡು ಹೋಗುತ್ತಾರೆ. ಮೂಟೆಗೆ ಮರಳು ಎಲ್ಲಿಂದ ಬಂತು ಅಂತ ಕೇಳಬೇಡಿ, ನಗು ಬರುತ್ತದೆ. ಮರಳು ತೆಗೆದ ಕಡೆ ದಂಡೆ ಕುಸಿಯುತ್ತದೆ, ಜೊಂಡು ಹೋಗುತ್ತದೆ, ಜೊಂಡಿನ ಜೊತೆ ಹುಂಡುಕೋಳಿ, ಜಂಬುಕೋಳಿ ಎರಡೂ ಹೋಗುತ್ತವೆ. ಒಂದು ಟಿಪ್ಪರು ಒಂದು ರಾತ್ರಿಯಲ್ಲಿ ಹಾಳುಮಾಡುವ ಗೂಡಿನ ಜಾಗವನ್ನು ನಮ್ಮ ಹುಡುಗ ಜನ್ಮವಿಡೀ ಉರುಲು ಹಾಕಿದರೂ ಹಾಳುಮಾಡಲಾರ. ಅದಕ್ಕೆ ಬೇಟೆ ಅಂತ ಯಾರೂ ಹೆಸರಿಟ್ಟಿಲ್ಲ, ಗುತ್ತಿಗೆ ಅನ್ನುತ್ತಾರೆ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ ನೋಡಿ. ಶಿಂಷಾ ಹೊಳೆ ಹತ್ತಿರ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎರಡೂ ಊರೊಳಗೇ, ಮನೆಯ ಹುಣಸೆಮರದ ಮೇಲೇ ಗೂಡು ಕಟ್ಟುತ್ತವೆ. ಯಾವ ಕಾಯ್ದೆಯೂ ಹುಟ್ಟುವ ಮೊದಲಿಂದ ಆ ಊರ ಜನ ಅವನ್ನು ಕಾದಿದ್ದಾರೆ. ಹಿಕ್ಕೆಯ ಗಬ್ಬು ಸಹಿಸಿದ್ದಾರೆ, ಅದೇ ಹಿಕ್ಕೆ ಹೊಲಕ್ಕೆ ಗೊಬ್ಬರವಾಗಿದೆ. ಹೊಡೆಯಬಾರದು ಅಂತ ಬೋರ್ಡು ಬೇಕಾಗಲಿಲ್ಲ. ಅಂಥ ಊರಿನಲ್ಲಿ 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಹುಳು. ಸುತ್ತಲಿನ ಕೊಳಕು ನೀರಿನ ಕೆರೆಗಳ ಮೀನಿನಿಂದ ಬಂದದ್ದು. ಪೇಟೆಯ ಕಕ್ಕಸು, ಕಾರ್ಖಾನೆಯ ಕೊಳೆ ಕೆರೆಗೆ ಬಿಟ್ಟವನ ಮೇಲೆ ಯಾವ ಷೆಡ್ಯೂಲು? ಅವನ ಫೋಟೋವನ್ನು ನಾವಿನ್ನೂ ನೋಡಿಲ್ಲ.

ಇನ್ನು ನಮ್ಮ ಮನೆಯ ಮಾತು. ಇದನ್ನು ಬಿಟ್ಟು ಮೇಲಿನದನ್ನಷ್ಟೇ ಬರೆದರೆ ನಾವೂ ಆತ್ಮವಂಚಕರೇ.

ಹಿನ್ನೀರುಗಳಲ್ಲಿ, ಹೊಳೆ ಹರಡಿಕೊಂಡ ಕಡೆಗಳಲ್ಲಿ, ಕಾಳಿಗೆ ಕೀಟನಾಶಕ ಕಲಸಿ ಚೆಲ್ಲಿ ಬಾತುಕೋಳಿ ಹಿಡಿಯುವವರಿದ್ದಾರೆ. ರಾತ್ರಿ ದೊಡ್ಡ ಟಾರ್ಚು ಬಿಟ್ಟು ಕಣ್ಣು ಕೋರೈಸಿ ಬಲೆ ಬೀಸುತ್ತಾರೆ. ಹೆಚ್ಚಿನವರು ನಮ್ಮವರೇ, ನಮ್ಮ ಪಕ್ಕದ ಕೇರಿಯವರೇ. ಒಂದು ಮುಂಜಾನೆಗೆ ಅರವತ್ತು ಎಪ್ಪತ್ತು ಹಕ್ಕಿ ಸಾಯುತ್ತವೆ. ಅದು ಅವರ ಸಾರಿನ ಪಾತ್ರೆಗೆ ಬರುವುದಿಲ್ಲ. ಬೈಕಿನ ಮೇಲೆ ಹೈವೇ ಬದಿಯ ಡಾಬಾಕ್ಕೆ, ಪೇಟೆಯ ಬಾರಿಗೆ, ದೊಡ್ಡವರ ತೋಟದ ಪಾರ್ಟಿಗೆ ಹೋಗುತ್ತದೆ. ಕಾಡುಬಾತು ಅಂತ ಹೇಳಿ ತಿನ್ನಿಸುತ್ತಾರೆ, ತಿನ್ನುವವನಿಗೆ ಅದು ಗಂಡಸುತನ. ಹಿಡಿದವನಿಗೆ ಸಿಗುವುದು ಕುಡಿಯುವಷ್ಟು ದುಡ್ಡು. ವಿಷ ತಿಂದ ಹಕ್ಕಿಯ ತಲೆ ಕರುಳು ತಿಂದು ನಾಯಿ ಸತ್ತದ್ದನ್ನು ನಾವು ನೋಡಿದ್ದೇವೆ. ಅದೇ ಮಾಂಸವನ್ನು ಮನೆಗೂ ಒಂದಿಷ್ಟು ತಂದು ಮಕ್ಕಳಿಗೆ ತಿನ್ನಿಸುವ ಅಪ್ಪಂದಿರಿಗೆ ಏನು ಹೇಳೋಣ. ಸಾವಿರಾರು ಮೈಲಿ, ಹಿಮಾಲಯ ದಾಟಿ ಮಂಗೋಲಿಯಾದಿಂದ ಬಂದ ಪಟ್ಟೆತಲೆ ಹೆಬ್ಬಾತನ್ನು ಒಂದು ಕ್ವಾರ್ಟರ್ ಬಾಟಲಿಗೆ ಮಾರುವುದು ಬಡತನದ ಹಕ್ಕು ಅಂತ ನಾವು ವಾದಿಸುವುದಿಲ್ಲ. ಅದು ಧಣಿಯ ಬೇಟೆಯೇ. ಕೋವಿಯ ಬದಲು ನಮ್ಮವನ ಕೈ ಹಿಡಿದಿದ್ದಾನೆ, ಅಷ್ಟೆ. ಹಿಂದೆ ಎದೆಮಟ್ಟ ನೀರಿನಲ್ಲಿ ನಿಂತು ಹಕ್ಕಿ ಎಬ್ಬಿಸುತ್ತಿದ್ದವನ ಮೊಮ್ಮಗ ಈಗಲೂ ಧಣಿಗಾಗಿ ನೀರಿನಲ್ಲೇ ನಿಂತಿದ್ದಾನೆ. ಈ ವ್ಯಾಪಾರ ನಿಲ್ಲಬೇಕು. ಇಲಾಖೆ ನಿಲ್ಲಿಸಲಿ ಅಂತ ಕಾಯದೆ ನಾವೇ ನಿಲ್ಲಿಸಬೇಕು. ಡಾಬಾದ ಮುಂದೆ ಕೂರೋಣ, ಕೊಳ್ಳುವವನ ಹೆಸರು ಕೂಗೋಣ.

ಒಡಿಶಾದ ಚಿಲಿಕಾ ದಂಡೆಯಲ್ಲಿ ಮಂಗಳಾಜೋಡಿ ಅಂತ ಊರಿದೆ. ಅಲ್ಲಿಯ ಜನ ಬಾತುಕೋಳಿ ಕೊಂದು ಮಾರುವುದರಲ್ಲಿ ಹೆಸರುವಾಸಿ. 2000ದ ಸುಮಾರಿಗೆ ಅದೇ ಬೇಟೆಗಾರರು ಸಮಿತಿ ಕಟ್ಟಿಕೊಂಡು ಕಾವಲಿಗೆ ನಿಂತರು. ಈಗ ಅವರೇ ದೋಣಿ ಹುಟ್ಟುಹಾಕಿ ಬಂದವರಿಗೆ ಹಕ್ಕಿ ತೋರಿಸಿ ಸಂಪಾದಿಸುತ್ತಾರೆ. ಅಲ್ಲಿ ಎಲ್ಲ ಸರಿಯಾಗಿದೆ ಅಂತ ನಾವು ಹೇಳುತ್ತಿಲ್ಲ. ಹಕ್ಕಿಯ ಜಾಡು ಬಲ್ಲವನೇ ಹಕ್ಕಿಯನ್ನು ಕಾಯಬಲ್ಲ ಅನ್ನುವುದು ಮಾತ್ರ ಕಣ್ಣೆದುರು ನಡೆದದ್ದು. ಇಲ್ಲಿ ನಮ್ಮ ಹೊಳೆಯಲ್ಲಿ ಕಾವಲಿನ ಹಂಗಾಮಿ ಕೆಲಸವೂ ಶಿಫಾರಸಿನವನಿಗೆ ಹೋಗುತ್ತದೆ. ಆತನಿಗೆ ವರಟೆ ಯಾವುದು, ಊರ ಬಾತು ಯಾವುದು ಅಂತ ಗೊತ್ತಿರುವುದಿಲ್ಲ.

ಹಾಗಾದರೆ ಏನಾಗಬೇಕು ಅಂತ ನಮ್ಮೊಳಗೇ ಎರಡು ರಾತ್ರಿ ಜಗಳವಾಯಿತು. ಸಮುದಾಯ ಭವನದ ಜಗಲಿಯಲ್ಲಿ ಕೂತು. ಕೆಲವರು ಅಂದರು: ಸಾಹೇಬರ ದೇಶಗಳಲ್ಲಿ ಈಗಲೂ ಬಾತು ಹೊಡೆಯಲು ತಿಂಗಳು ಗೊತ್ತುಮಾಡಿದ್ದಾರೆ, ಒಬ್ಬನಿಗೆ ಇಷ್ಟೇ ಅಂತ ಲೆಕ್ಕ ಇದೆ, ಅಮೆರಿಕದಲ್ಲಿ 1934ರಿಂದ ಬೇಟೆಗಾರ ಒಂದು ಸ್ಟಾಂಪು ಕೊಳ್ಳಬೇಕು, ಆ ದುಡ್ಡಿನಲ್ಲಿ ಜೌಗುನೆಲ ಕೊಂಡು ಉಳಿಸುತ್ತಾರೆ. ನಮಗೂ ಹಾಗೆ ಹುಂಡುಕೋಳಿ, ನಾಮದಕೋಳಿಯಂಥ ಹೇರಳ ಹಕ್ಕಿಗೆ, ಗೂಡಿನ ತಿಂಗಳು ಬಿಟ್ಟು, ಹೊಳೆಯ ಬದಿ ಬದುಕುವವನ ಮನೆಗೆ ಇಷ್ಟು ಅಂತ ಯಾಕೆ ಇರಬಾರದು? ಎಣಿಸುವವರು ನಾವೇ ಆಗೋಣ. ಅದಕ್ಕೆ ನಮ್ಮ ಹೆಣ್ಣುಮಗಳೊಬ್ಬಳು, ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಎದ್ದು ನಿಂತು ಕೇಳಿದಳು: ನೂರು ವರ್ಷದಿಂದ ಭೂಮಿ ಕೇಳ್ತಾ ಇದೀವಿ, ಕೂಲಿ ಕೇಳ್ತಾ ಇದೀವಿ, ಈಗ ಹೋಗಿ ಹುಂಡುಕೋಳಿ ತಿನ್ನೋ ಹಕ್ಕು ಕೇಳೋದಾ? ಮಕ್ಕಳಿಗೆ ವಾರಕ್ಕೆ ನಾಕು ದಿನ ಮಾಂಸ ತಿನ್ನಿಸೋ ಕೂಲಿ ಕೊಡ್ಸಿ, ಯಾವನು ಜೊಂಡಿಗೆ ಹೋಗ್ತಾನೆ ನೋಡ್ತೀನಿ ಅಂತ. ಯಾರಿಗೂ ಉತ್ತರ ಹೊಳೆಯಲಿಲ್ಲ. ಆದರೆ ಇನ್ನೊಬ್ಬರು ಹೇಳಿದ್ದೂ ಸುಳ್ಳಲ್ಲ. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಜಾರಿಗೆ ಬಂದಾಗ ನಮ್ಮ ತಟ್ಟೆಯಿಂದ ದನದ ಮಾಂಸ ಎಳೆದರು. ಹೊಳೆಯ ಮೀನು ಗುತ್ತಿಗೆದಾರನ ಪಾಲು. ಜೊಂಡಿನ ಹಕ್ಕಿ ಸರ್ಕಾರದ್ದು. ಒಂದೊಂದಾಗಿ ಎಣಿಸಿದರೆ ನಮ್ಮ ತಟ್ಟೆಯ ಮೇಲೆ ಬೇರೆಯವರ ಕಣ್ಣು ಎಷ್ಟು ಅಂತ ತಿಳಿಯುತ್ತದೆ. 1927ರ ಮಾರ್ಚ್‌ನಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದಾಗ ಆ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ಹಕ್ಕಿ ಕುಡಿಯಬಹುದಿತ್ತು, ನಮಗೆ ಮಾತ್ರ ಬಾರದು. ಹಕ್ಕಿಯ ಮೇಲೆ ನಮಗೆ ಆಗಲೂ ಸಿಟ್ಟಿರಲಿಲ್ಲ.

ಆ ಜಗಳ ಪೂರ್ತಿ ತೀರಿಲ್ಲ. ತೀರಿದಷ್ಟನ್ನು ಬರೆಯುತ್ತೇವೆ. ಗೂಡು ಕಟ್ಟುವ ತಿಂಗಳುಗಳಲ್ಲಿ ನಮ್ಮ ದಂಡೆಯಲ್ಲಿ ಯಾರೂ ಉರುಲು ಹಾಕುವುದಿಲ್ಲ, ಮೊಟ್ಟೆ ಎತ್ತುವುದಿಲ್ಲ. ಇದನ್ನು ಕೇರಿಯ ಹಿರಿಯರು ಒಪ್ಪಿದ್ದಾರೆ. ವಿಷ ಕಲಸುವವನನ್ನು ನಮ್ಮ ಜಾತಿಯವನಾದರೂ ಬಿಡುವುದಿಲ್ಲ. ಮರಳಿನ ಗಾಡಿ ಎಣಿಸಿ ದಿನಾಂಕ, ಹೊತ್ತು, ನಂಬರು ಬರೆದಿಡುವುದು ನಮ್ಮ ಶಾಲೆ ಬಿಟ್ಟ ಹುಡುಗರ ಕೆಲಸ, ಈಗಾಗಲೇ ಎರಡು ನೋಟ್‌ಬುಕ್ ತುಂಬಿವೆ. ರಾಮ್ಸರಿನ ಒಪ್ಪಂದದಲ್ಲೇ, 1971ರಲ್ಲಿ ಇರಾನಿನ ಆ ಊರಿನಲ್ಲಿ ಬರೆದದ್ದರಲ್ಲೇ, ಜೌಗುನೆಲದ ವಿವೇಕದ ಬಳಕೆ ಎಂಬ ಮಾತಿದೆ. ಬಳಕೆ ಅಂದಿದ್ದಾರೆ. ಆ ಬಳಕೆಯನ್ನು ತೀರ್ಮಾನಿಸುವ ಸಭೆ ಹೊಳೆಯ ದಂಡೆಯಲ್ಲಿ ಸೇರಲಿ, ಬೆಸ್ತರು, ಹಕ್ಕಿಪಿಕ್ಕಿಗಳು, ನಮ್ಮ ಕೇರಿಯ ಹೆಂಗಸರು ಕೂರಲಿ, ಪಕ್ಷಿತಜ್ಞರೂ ಬರಲಿ, ಲಕ್ಷಗಟ್ಟಲೆ ಬೆಲೆಯ ಲೆನ್ಸು ಹೊತ್ತು ಮುಂಜಾನೆ ಮಂಜಿನಲ್ಲಿ ನಮ್ಮನ್ನು ಫ್ರೇಮಿನಿಂದ ಸರಿಯಿರಿ ಅನ್ನುವವರೂ ಬಂದು ನೆಲದ ಮೇಲೆ ಕೂರಲಿ. ಕಾವಲಿನ ಕೆಲಸಕ್ಕೆ ಹಕ್ಕಿ ಬಲ್ಲವರನ್ನು ತೆಗೆದುಕೊಳ್ಳಲಿ, ಹಂಗಾಮಿಯಲ್ಲ, ಖಾಯಂ.

ನಮ್ಮ ಹುಡುಗ ಈಗ ಜಾಮೀನಿನ ಮೇಲಿದ್ದಾನೆ. ಇಟ್ಟಿಗೆ ಗೂಡಿನವನು ಕೇಸಿನವನು ಅಂತ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಸಂಜೆ ಹೊಳೆಯ ಕಡೆ ಹೋಗುವುದನ್ನು ಬಿಟ್ಟಿದ್ದಾನೆ, ಹೋದರೆ ತಾಯಿ ಅಳುತ್ತಾಳೆ. ಮೊನ್ನೆ ರಾತ್ರಿ ಮಳೆ ಹಿಡಿದು ಹುಂಡುಕೋಳಿ ಕೂಗತೊಡಗಿತು, ಅದು ಹೆಣ್ಣು ಕಣಣ್ಣ, ಗಂಡು ಬೇರೆ ಥರ ಕೂಗ್ತದೆ ಅಂತ ಗೋಡೆಗೊರಗಿ ಹೇಳಿದ. ಮುಂದಿನ ವಾಯಿದೆಗೆ ನಾವು ಹದಿನೈದು ಜನ ಅವನ ಜೊತೆ ಕೋರ್ಟಿಗೆ ಹೋಗುತ್ತಿದ್ದೇವೆ, ಮರಳಿನ ನೋಟ್‌ಬುಕ್ ಎರಡನ್ನೂ ಹಿಡಿದುಕೊಂಡು. ಬೆಳಿಗ್ಗೆ ಏಳೂವರೆಯ ಬಸ್ಸು. ಬರುವವರು ಬುತ್ತಿ ಕಟ್ಟಿಕೊಂಡು ಬನ್ನಿ, ಅಲ್ಲಿ ಸಂಜೆಯವರೆಗೂ ಕೂರಿಸುತ್ತಾರೆ.